ಮಗ ಮೆಟ್ರೋದಲ್ಲಿ, ಅಪ್ಪ ಮಂಚದಲ್ಲಿ

ಬೆಳಗ್ಗೆ ಮೆಟ್ರೋದಲ್ಲಿ ತೇಜಸ್ವಿ, ರಾತ್ರಿ ಮಲಗೋ ಮುಂಚೆ ಅವರಪ್ಪ ಕುವೆಂಪು: ನನ್ನ ಓದಿನ ಟೈಮ್‌ಟೇಬಲ್ಲು ಇಷ್ಟೇ. 1980ರ ‘ಕರ್ವಾಲೊ’ ತೆಳ್ಳಗಿದೆ, ಬ್ಯಾಗಲ್ಲಿ ಲ್ಯಾಪ್‌ಟಾಪ್ ಪಕ್ಕ ಕೂರುತ್ತೆ. ಮಂದಣ್ಣನ ಪೇಚಾಟಕ್ಕೆ ನಾನೊಬ್ಬಳೇ ನಗ್ತಿದ್ರೆ ಎದುರಿನವರು ಮೊಬೈಲಿಂದ ತಲೆಯೆತ್ತಿ ನೋಡ್ತಾರೆ.

1967ರ ‘ಮಲೆಗಳಲ್ಲಿ ಮದುಮಗಳು’ವಿಗೆ ಮಾತ್ರ ಅವಸರ ಆಗಲ್ಲ. ರಾತ್ರಿಗೆ ಹತ್ತೇ ಪುಟ; ಫೋನು ಆಚೆ ರೂಮಲ್ಲಿ. ಇದು ಮೂರನೇ ಓದು. ಗುತ್ತಿಯ ನಾಯಿ ‘ಹುಲಿಯ’ ಕೊನೆಗೆ ತುಂಗೆಯ ನೆರೆಯಲ್ಲಿ ಕೊಚ್ಚಿಹೋಗುತ್ತೆ ಅಂತ ಗೊತ್ತು. ಆ ಪುಟ ಹತ್ತಿರವಾದಂತೆ ಹತ್ತು ಐದಾಗುತ್ತೆ, ಐದು ಎರಡಾಗುತ್ತೆ.

ಎಲ್ಲವನ್ನೂ ಬೇಗ ಮುಗಿಸೋದಕ್ಕೆ ಆಫೀಸಲ್ಲಿ ಸಂಬಳ ಕೊಡ್ತಾರೆ. ಮುಗೀಲೇಬಾರದು ಅಂತ ದಿನಾ ನಾನು ಮಾಡೋ ಕೆಲಸ ಇದೊಂದೇ.