ಎರಡು ಸಲ ಓಡಿದ ಸುರುಳಿ

ಹಿರೇಕೆರೂರಿಗೆ ಹೆಸರನ್ನು ಕೊಟ್ಟ ಹಿರಿಯ ಕೆರೆಯ ಕಡೆಗೆ ಇಳಿಯುವ ಓಣಿಯೊಂದರಲ್ಲಿ ಒಬ್ಬ ನಿವೃತ್ತ ಪಶುವೈದ್ಯರ ಮನೆ ಇರುವದು. ಕೆಲವು ವರ್ಷಗಳ ಹಿಂದೆ, ಮಳೆಗಾಲಕ್ಕೆ ಮೊದಲು ಮಾಡಿನ ಹಂಚು ಕೈಯಾಡಿಸುವಾಗ, ಅಟ್ಟದ ಮೂಲೆಯಿಂದ ಒಂದು ತಗಡಿನ ಪೆಟ್ಟಿಗೆ ಕೆಳಗಿಳಿಯಿತು. ಅದರಲ್ಲಿ ಹತ್ತಿಯ ಅಡತಿ ವ್ಯಾಪಾರದ ಕೀರ್ದಿ ಪುಸ್ತಕಗಳು, ಕಾಲು ಮುರಿದ ಒಂದು ಚಾಳೀಸು, ಅಂಗೈಯಗಲದ ಎರಡು ಫಿಲ್ಮಿನ ಸುರುಳಿಗಳು ಇದ್ದವು. ಒಂದು ಸುರುಳಿಯು ಮೊದಲಿನಿಂದ ಕೊನೆಯ ತನಕ ಕಾಡಿಗೆಯಂತೆ ಕಪ್ಪು. ಇನ್ನೊಂದರಿಂದ ಹುಳಿಯ ವಾಸನೆ ಬರುತ್ತಿತ್ತು. ಹೊದಿಕೆಯ ಮೇಲಿನ ಅಂಚೆಯ ಮುದ್ರೆ 1961ರ ಡಿಸೆಂಬರಿನದು.

ವೈದ್ಯರು ಹಾನಗಲ್ಲಿನಲ್ಲಿರುವ ತಮ್ಮ ಅಕ್ಕನಿಗೆ ಫೋನಿನಲ್ಲಿ ಈ ಸಂಗತಿಯನ್ನು ತಿಳಿಸಿದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನ ಕೆರಿಗೆ ಒಗದ ಬಿಡು, ತಮ್ಮಾ” ಎಂದರು.

ಆ ಸಿಟ್ಟಿಗೆ ಅರುವತ್ತು ವರ್ಷದ ವಯಸ್ಸು. ಇವರ ತಂದೆಯವರು ಹತ್ತಿಯ ವ್ಯವಹಾರಕ್ಕಾಗಿ ಮುಂಬಯಿಗೆ ಹೋಗಿ ಬರುತ್ತಿದ್ದವರು. ಒಂದು ಸಲ ಅಲ್ಲಿಂದ ಚಲಚ್ಚಿತ್ರ ತೆಗೆಯುವ ಚಿಕ್ಕ ಕ್ಯಾಮರಾ ಒಂದನ್ನು ತಂದು, 1961ರ ಬೇಸಗೆಯಲ್ಲಿ ಮನೆಯ ಅಂಗಳದಲ್ಲಿ ಹೆಂಡತಿಯ ಚಿತ್ರವನ್ನು ತೆಗೆದರು. ಆ ವರ್ಷದ ಮಳೆಗಾಲದಲ್ಲಿಯೇ ಆಕೆ ಜ್ವರದಿಂದ ತೀರಿಕೊಂಡರು. ಮಗಳಿಗೆ ಆಗ ಒಂಬತ್ತು ವರ್ಷ. ಮಗನಿಗೆ ಎರಡು ತುಂಬಿರಲಿಲ್ಲ. ದೀಪಾವಳಿಗೆ ಈ ಭಾಗದಲ್ಲೆಲ್ಲ ನಡೆಯುವ ಹೋರಿ ಬೆದರಿಸುವ ಹಬ್ಬದ ಚಿತ್ರವನ್ನೂ ತಂದೆಯವರು ತೆಗೆದು, ಸುರುಳಿಗಳನ್ನು ಅಂಚೆಯಿಂದ ಮುಂಬಯಿಗೆ ಕಳುಹಿಸಿ ತೊಳೆಸಿ ತರಿಸಿದರು. ಹಾವೇರಿಯ ಗೆಳೆಯರೊಬ್ಬರಿಂದ ಪ್ರಕ್ಷೇಪಕ ಯಂತ್ರವನ್ನು ಎರವು ತಂದು, ಪಡಸಾಲೆಯ ಗೋಡೆಗೆ ಬಿಳಿಯ ಧೋತರ ಕಟ್ಟಿ, ಮಗಳನ್ನು ಬದಿಯಲ್ಲಿ ಕೂರಿಸಿಕೊಂಡು ಚಿತ್ರವನ್ನು ಹಚ್ಚಿದರು. ಅವ್ವ ಕಾಣಬೇಕಾದಲ್ಲಿ ಕೊಬ್ಬರಿಯ ಮಾಲೆ ಕಟ್ಟಿದ ಹೋರಿಗಳು ಓಡಿದವು. ಹೋರಿಗಳ ಮೈಯೊಳಗಿಂದ ಅವ್ವ ಒಮ್ಮೆ ಇಣಿಕಿ ಮರೆಯಾದಳು. ತಂದೆಯವರು ಯಂತ್ರವನ್ನು ನಡುವೆಯೇ ನಿಲ್ಲಿಸಿ ಎದ್ದು ಹೊರಗೆ ಹೋದರು. ಕ್ಯಾಮರಾ ಕೆಲವು ದಿನಗಳಲ್ಲಿ ಯಾರಿಗೋ ಮಾರಿಹೋಯಿತು. ಮುಂದೆ ಅವರು ಬದುಕಿದ ಅಷ್ಟು ವರ್ಷವೂ ಆ ಮಾತನ್ನು ಎತ್ತಲಿಲ್ಲ.

ಒಂಬತ್ತು ವರ್ಷದ ಹುಡುಗಿ ತನಗೆ ತಿಳಿದಷ್ಟು ತಿಳಿದುಕೊಂಡಳು. ಅಪ್ಪ ವ್ಯಾಪಾರಿ, ಕಾಸಿಗೆ ಕಾಸು ಕೂಡಿಸುವವನು. ಹೊಸ ಸುರುಳಿಗೆ ರೊಕ್ಕ ಹಾಕಲು ಮನಸ್ಸಾಗದೆ ಅವ್ವನ ಸುರುಳಿಯ ಮೇಲೆಯೇ ಹೋರಿಯ ಚಿತ್ರ ತೆಗೆದನು. ಈ ತೀರ್ಪು ಆಕೆಯೊಡನೆ ಹಾನಗಲ್ಲಿಗೆ ಹೋಯಿತು, ಮೊಮ್ಮಕ್ಕಳನ್ನು ಕಂಡಿತು, ಅಳಿಯಲಿಲ್ಲ.

ಈ ಸಣ್ಣ ಫಿಲ್ಮಿನ ಪೂರ್ವವೃತ್ತಾಂತವನ್ನು ಕೊಂಚ ಹೇಳದೆ ಮುಂದಿನದು ತಿಳಿಯಲಾರದು. ಚಿತ್ರಮಂದಿರಗಳ 35 ಮಿಲಿಮೀಟರಿನ ಫಿಲ್ಮು ಬಹಳ ಕಾಲ ಕಿಡಿ ತಾಗಿದರೆ ಭುಗ್ಗೆಂದು ಉರಿಯುವ ನೈಟ್ರೇಟಿನದಾಗಿತ್ತು. ಅದನ್ನು ಮನೆಯೊಳಗೆ ತರುವದು ಅಪಾಯದ ಕೆಲಸ. ಆದ್ದರಿಂದ ಗೃಹಸ್ಥರಿಗಾಗಿ ಫ್ರಾನ್ಸಿನ ಪಾಥೆಯವರು 1922ರಲ್ಲಿ ಒಂಬತ್ತೂವರೆ ಮಿಲಿಮೀಟರಿನ, ಅಮೇರಿಕೆಯ ಕೊಡ್ಯಾಕಿನವರು 1923ರಲ್ಲಿ 16 ಮಿಲಿಮೀಟರಿನ ಫಿಲ್ಮನ್ನು ಸುಲಭವಾಗಿ ಉರಿಯದ ಅಸಿಟೇಟಿನಲ್ಲಿ ಮಾಡಿದರು. ಅದೂ ತುಟ್ಟಿಯೆನಿಸಿದಾಗ 1932ರಲ್ಲಿ ಕೊಡ್ಯಾಕಿನವರು ಒಂದು ಜಾಣತನ ಮಾಡಿದರು. 16 ಮಿಲಿಮೀಟರು ಅಗಲದ ಅದೇ ಪಟ್ಟಿಯನ್ನು, 25 ಅಡಿ ಉದ್ದ, ಒಂದು ಸಲ ಓಡಿಸಿ ಅರ್ಧ ಅಗಲದ ಮೇಲೆ ಚಿತ್ರ ತೆಗೆಯುವದು. ತರುವಾಯ ಸುರುಳಿಗಳನ್ನು ತಿರುವಿ ಹಾಕಿ ಇನ್ನರ್ಧದ ಮೇಲೆ ತೆಗೆಯುವದು. ತೊಳೆದ ಬಳಿಕ ನಡುವೆ ಸೀಳಿ ಒಂದರ ತುದಿಗೆ ಒಂದನ್ನು ಅಂಟಿಸಿದರೆ ಎಂಟು ಮಿಲಿಮೀಟರಿನ 50 ಅಡಿ ಸಿದ್ಧ. ಒಂದು ಅಡಿಗೆ 80 ಚಿತ್ರಗಳಂತೆ ಒಟ್ಟು 4000 ಚಿತ್ರಗಳು; ಸೆಕೆಂಡಿಗೆ 16ರಂತೆ ಓಡಿಸಿದರೆ ನಾಲ್ಕು ನಿಮಿಷ ಹತ್ತು ಸೆಕೆಂಡು. ಗೌಡಪಾದರ ಕಾರಿಕೆಗಳಲ್ಲಿ ಬರುವ ಅಲಾತಚಕ್ರವನ್ನು ಬಲ್ಲವರಿಗೆ, ತಿರುಗುವ ಕೊಳ್ಳಿಯ ತುದಿ ವರ್ತುಲವಾಗಿ ತೋರುವಂತೆ, ಬಿಡಿಚಿತ್ರಗಳು ಚಲನೆಯಾಗಿ ತೋರುವದು ಹೊಸ ಸಂಗತಿಯೇನೂ ಅಲ್ಲ. 1965ರಲ್ಲಿ ಸೂಪರ್ ಎಂಟು ಎಂಬ ಮುಚ್ಚಿದ ಡಬ್ಬಿಯ ಫಿಲ್ಮು ಬಂದು ತಿರುವಿ ಹಾಕುವ ತೊಡಕೇ ತಪ್ಪಿತು. ಹಿರೇಕೆರೂರಿನ ಈ ಮನೆಯ ಮಟ್ಟಿಗೆ ಅದು ನಾಲ್ಕು ವರ್ಷ ತಡವಾಗಿ ಬಂತು.

ಇಂಥ ಕ್ಯಾಮರಾಗಳನ್ನು ಶ್ರೀಮಂತರ ಆಟಿಗೆಯೆಂದು ತಳ್ಳಿಬಿಡುವವರೂ ಇರುವರು, ಅದು ಸರಿಯಲ್ಲ. ಹಾಲೆಂಡಿನ ಸಂಗೀತಶಾಸ್ತ್ರಜ್ಞ ಆರ್ನಾಲ್ಡ್ ಬಾಕೆಯವರು 1938ರಲ್ಲಿ ದಕ್ಷಿಣ ಭಾರತದಲ್ಲಿ ಸಂಚರಿಸಿ ಹಾಡು ಕುಣಿತಗಳನ್ನು 16 ಮಿಲಿಮೀಟರಿನ ಮೂಕ ಫಿಲ್ಮಿನಲ್ಲಿ ಹಿಡಿದರು. 1984ರಲ್ಲಿ ನಜೀರ್ ಅಲಿ ಜೈರಾಜಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅವರು ಅದೇ ಜಾಡನ್ನು ಹಿಡಿದು ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ತಿರುಗಿ, ಏನು ಉಳಿದಿದೆ, ಏನು ಮಾರ್ಪಟ್ಟಿದೆ ಎಂಬದನ್ನು ಹುಡುಕಿದರು. ಹೆಗ್ಗೋಡಿನ ನೀನಾಸಮ್ಮಿನವರು 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿ ಹಳ್ಳಿಯ ಜನರಿಗೆ ಲೋಕದ ಒಳ್ಳೆಯ ಚಿತ್ರಗಳನ್ನು ತೋರಿಸಿದ್ದೂ 16 ಮಿಲಿಮೀಟರಿನ ಪ್ರತಿಗಳಿಂದಲೇ.

ವೈದ್ಯರು ಅಕ್ಕನ ಮಾತಿನಂತೆ ಸುರುಳಿಯನ್ನು ಕೆರೆಗೆ ಎಸೆಯಲಿಲ್ಲ. ಹುಳಿಯ ವಾಸನೆಯ ಅರ್ಥವನ್ನು ವಿಚಾರಿಸಿದರು. ಅಸಿಟೇಟು ಸೆಕೆ ತೇವಗಳಲ್ಲಿ ಕೊಳೆಯುವಾಗ ಹುಳಿರಸವನ್ನು ಬಿಡುವದು. ಫಿಲ್ಮು ಕುಗ್ಗುವದು, ಸೆಟೆದುಕೊಳ್ಳುವದು. ಅಂಥದನ್ನು ಯಂತ್ರದಲ್ಲಿ ಓಡಿಸಿದರೆ ಹಲ್ಲು ಸಿಕ್ಕಿ ಹರಿಯುವದು. ಆದುದರಿಂದ ಅವರು ಬಿಳಿಯ ದೀಪದ ಹಲಗೆಯ ಮೇಲೆ ಪಟ್ಟಿಯನ್ನು ಹಾಸಿ, ಹತ್ತಿರದಿಂದ ನೋಡುವ ಮಸೂರವನ್ನು ಕ್ಯಾಮರಾಕ್ಕೆ ಹಚ್ಚಿ, ಒಂದೊಂದೇ ಚಿತ್ರವನ್ನು ಪ್ರತಿ ತೆಗೆದರು. ದಿನಕ್ಕೆ ನೂರರಂತೆ, ನಡುವಿನ ಸೂಟಿಗಳು ಸೇರಿ, ಒಂದು ಮಂಡಲವೇ ಹಿಡಿಯಿತು. ಅರುವತ್ತು ದಾಟಿದ ಮನುಷ್ಯನು ತಾಯಿಯ ಮುಖವನ್ನು ಮೊದಲ ಸಲ ಹುಡುಕುತ್ತಿರುವಾಗ ಇಷ್ಟು ತಾಳ್ಮೆ ಹೆಚ್ಚೇನೂ ಅಲ್ಲ.

ಕಂಡದ್ದು ವಿಚಿತ್ರ. ಇಂಥ ಫಿಲ್ಮಿನಲ್ಲಿ ಬೆಳಕು ಬಿದ್ದಲ್ಲೆಲ್ಲ ಬೆಳ್ಳಗಾಗುವದು. ಎರಡು ಸಲ ಬೆಳಕು ಬಿದ್ದರೆ ಒಂದರ ಬಿಳುಪು ಇನ್ನೊಂದನ್ನು ಅಳಿಸಿಬಿಡುವದು. ಒಂದರ ನೆರಳಿನಲ್ಲಿ ಮಾತ್ರ ಇನ್ನೊಂದು ಉಳಿಯುವದು. ಬಯಲು, ಆಕಾಶ, ಬಿಳಿಯ ಹೋರಿಗಳು ಬಂದಾಗ ಅಂಗಳವೇ ಇಲ್ಲ. ಒಂದು ಕರಿಯ ಹೋರಿ ಎದುರಿಗೆ ಹಾದುಹೋಗುವಾಗ ಮಾತ್ರ, ಅದರ ಪಕ್ಕೆಯ ಕಪ್ಪಿನಲ್ಲಿ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ಹೆಂಗಸಿನ ಮುಖ ಸ್ಪಷ್ಟವಾಗಿ ಮೂಡಿ, ಹೋರಿಯೊಡನೆ ಸರಿದು ಮಾಯವಾಗುವದು. ಎಣಿಸಿದರೆ 22 ಚಿತ್ರಗಳು. ಒಂದೂಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಪಾಠಶಾಲೆಯಲ್ಲಿ ಓದಿದವರು ಇದನ್ನು ಅಧ್ಯಾಸವೆಂದಾರು. ಆದರೆ ಹಗ್ಗದ ಮೇಲಿನ ಹಾವು ಸುಳ್ಳು, ಇಲ್ಲಿ ಎರಡೂ ನಿಜ. ಮನೆಯ ತರುಣರೊಬ್ಬರು ಗಣಕಯಂತ್ರದಿಂದ ಹೋರಿಯನ್ನು ಅಳಿಸಿ ಅಜ್ಜಿಯ ಮುಖವನ್ನು ಪೂರ್ತಿ ಮಾಡಿಕೊಡುವೆನೆಂದರು. ವೈದ್ಯರು ಬೇಡವೆಂದರು. ಇಲ್ಲದ್ದನ್ನು ಯಂತ್ರವು ಊಹಿಸಿ ಬರೆದರೆ ಅದು ಯಾರ ಮುಖವಾದೀತು?

ಆದರೆ ಕಪ್ಪು ಸುರುಳಿಯ ಒಗಟು ಬಿಡಲಿಲ್ಲ. ಬೆಳಕು ಸೋಕದ ಫಿಲ್ಮು ತೊಳೆದಾಗ ಕಪ್ಪಾಗುವದು. ಖಾಲಿ ಸುರುಳಿಯನ್ನು ಹಣ ಕೊಟ್ಟು ತೊಳೆಯಲು ಯಾವ ವ್ಯಾಪಾರಿ ಕಳುಹಿಸುವನು? ಇದನ್ನು ತಿಳಿಯಲು ಅಂಥದೇ ಕ್ಯಾಮರಾವನ್ನು ಕೈಯಲ್ಲಿ ಹಿಡಿಯಬೇಕೆಂದು ಅವರಿಗೆ ಅನಿಸಿತು.

ಮೊದಲನೆಯದನ್ನು ದೂರದ ಊರಿನ ವ್ಯಾಪಾರಿಯೊಬ್ಬನಿಂದ ಪಟ ನೋಡಿಯೇ ಕೊಂಡರು. ಹೊರಗೆ ಥಳಥಳ, ಒಳಗೆ ಕಮಾನು ತುಂಡು. ಜೀವಮಾನವೆಲ್ಲ ಎತ್ತಿನ ಹಲ್ಲು ನೋಡಿ, ನಡೆಸಿ ನೋಡಿ ಕೊಳ್ಳಿರೆಂದು ರೈತರಿಗೆ ಹೇಳಿದವರು ಹೀಗೆ ಮೋಸಹೋದದ್ದಕ್ಕೆ ಓಣಿಯವರು ಸಾಕಷ್ಟು ನಕ್ಕರು. ಎರಡನೆಯ ಸಲ ಮುಂಬಯಿಯ ಚೋರ್ ಬಜಾರಕ್ಕೆ ತಾವೇ ಹೋದರು. ಚಾವಿ ಕೊಟ್ಟು ಕಿವಿಯ ಹತ್ತಿರ ಹಿಡಿದು, ಸದ್ದು ಕೊನೆಯ ತನಕ ಒಂದೇ ಸಮ ಇರುವದೇ ಎಂದು ಕೇಳಿದರು. ಮಸೂರವನ್ನು ಬೆಳಕಿಗೆ ಹಿಡಿದು ಜೇಡರ ಬಲೆಯಂಥ ಬೂಸು ಇಲ್ಲವೆಂದು ನೋಡಿದರು. ಫಿಲ್ಮು ಹಾಯುವ ಕಿಂಡಿಯಲ್ಲಿ ಗೀರುಗಳಿವೆಯೇ ಎಂದು ಬೆರಳಾಡಿಸಿದರು. ಹೀಗೆ ದೊರೆತದ್ದು ಸ್ವಿಟ್ಜರ್ಲೆಂಡಿನ ಪೇಯಾರ್ ಮನೆತನದ ಕಾರಖಾನೆಯ ಎಂಟು ಮಿಲಿಮೀಟರಿನ ಬೋಲೆಕ್ಸು. ಆ ಕಾರಖಾನೆಯವರು ಕ್ಯಾಮರಾಕ್ಕೆ ಮೊದಲು ಗಡಿಯಾರ, ಹಾಡುವ ಪೆಟ್ಟಿಗೆ, ಗ್ರಾಮೋಫೋನುಗಳನ್ನು ಮಾಡುತ್ತಿದ್ದವರು. ಹಿರೇಕೆರೂರಿನ ಪೇಟೆಯ ಮುದಿ ಗಡಿಯಾರದವನಿಗೆ ಇದನ್ನು ಹೇಳುವ ಅವಶ್ಯವೇ ಬೀಳಲಿಲ್ಲ. ಮುಚ್ಚಳ ಬಿಚ್ಚಿದವನೇ, “ಸಾಹೇಬ್ರ, ಇದು ನಮ್ಮ ಗಡಿಯಾರದ ಪೈಕಿನ ಐತ್ರಿ” ಎಂದನು. ಗಟ್ಟಿಯಾಗಿ ಮೇಣದಂತಾಗಿದ್ದ ಹಳೆಯ ಜಿಡ್ಡನ್ನು ತೆಗೆದು, ಸೂಜಿಯ ತುದಿಯಷ್ಟು ಹೊಸ ಎಣ್ಣೆ ಮುಟ್ಟಿಸಿಕೊಟ್ಟನು. ಕೆಲಸವಿಲ್ಲದಾಗ ಕಮಾನನ್ನು ಬಿಗಿದು ಇಡಬಾರದು, ಕಿಂಡಿಯನ್ನು ಉಕ್ಕಿನ ಚಿಮಟದಿಂದ ಕೆರೆಯದೆ ಬಿದಿರಿನ ಕಡ್ಡಿಯಿಂದ ಒರಸಬೇಕು ಎಂಬವು ಅವನ ಕಟ್ಟಳೆಗಳು.

ಫಿಲ್ಮು ಬಂದದ್ದು ಚೆಕ್ ದೇಶದಿಂದ. ಹ್ರಾಡೆಟ್ಸ್ ಕ್ರಾಲೊವೆ ಎಂಬ ಊರಿನ ಫೋಮಾ ಕಾರಖಾನೆಯ ಕಪ್ಪು ಬಿಳುಪಿನ ಎರಡು ಸುರುಳಿಗಳು. ಒಂದನ್ನು ವೈದ್ಯರು ಅಭ್ಯಾಸಕ್ಕೆ ಓಡಿಸಿದರು. ಮಬ್ಬುಬೆಳಕಿನ ಕೋಣೆಯಲ್ಲಿ ಕೂತು ಹಾಕಿ, ಅರ್ಧ ಮುಗಿದ ಮೇಲೆ ತಿರುವಿ ಹಾಕಿ, ಪೂರ್ತಿ ಮುಗಿಸಿ ಮುಚ್ಚಳ ತೆರೆದಾಗ, ಫಿಲ್ಮು ತಾನು ಹೊರಟ ಚಕ್ರಕ್ಕೇ ಮರಳಿ ಬಂದು, ಮೊದಲಿನ ತುದಿಯನ್ನೇ ಹೊರಗೆ ಚಾಚಿ ಕೂತಿತ್ತು. ಅದನ್ನು ಡಬ್ಬಿಗೆ ಹಾಕಿ ಮೇಜಿನ ಮೇಲಿಟ್ಟು, ಬಾಗಿಲಿಗೆ ಬಂದ ಯಾರನ್ನೋ ಮಾತಾಡಿಸಿ ತಿರುಗಿ ಬಂದರು. ಮೇಜಿನ ಮೇಲೆ ಎರಡು ಡಬ್ಬಿಗಳು. ಯಾವುದು ಯಾವುದೆಂದು ತಿಳಿಯದೆ ಅವರು ಬಹಳ ಹೊತ್ತು ಅಲ್ಲಿಯೇ ನಿಂತರು.

ಆ ವಾರವೇ ಅಕ್ಕ ಹಾನಗಲ್ಲಿನಿಂದ ಬಂದರು. ವೈದ್ಯರು ವಾದ ಮಾಡಲಿಲ್ಲ. ಎರಡು ಡಬ್ಬಿಗಳನ್ನು ತೆರೆದು, ಸುರುಳಿಗಳನ್ನು ಆಕೆಯ ಎರಡು ಕೈಗಳಲ್ಲಿ ಇಟ್ಟು, “ಅಕ್ಕಾ, ಇದರಾಗ ಬಳಸಿದ್ದು ಯಾವುದು ಹೇಳು” ಎಂದರು. ಆಕೆ ಹೊರಳಿಸಿ ನೋಡಿದರು. ಚಾಳೀಸು ಹಾಕಿಕೊಂಡು ನೋಡಿದರು. “ಎರಡೂ ಒಂದೇ ಅದಾವಲ್ಲೋ” ಎಂದರು. ಆಗ ಅವರು ಪೆಟ್ಟಿಗೆಯ ಕಪ್ಪು ಸುರುಳಿಯನ್ನು ತಂದು ಮುಂದಿಟ್ಟು, ದೀಪಾವಳಿಗೆ ಅಪ್ಪ ಕೊಂಡು ತಂದ ಹೊಸ ಸುರುಳಿ ಇದೇ ಎಂದರು. ಹೋರಿಯ ಹಬ್ಬಕ್ಕೆಂದು ಇದನ್ನು ತೆಗೆದಿಟ್ಟುಕೊಂಡು, ಕೈಗೆ ಬಂದ ಇನ್ನೊಂದನ್ನು ಕ್ಯಾಮರಾಕ್ಕೆ ಹಾಕಿದನು. ಅವ್ವನದೆಂದು ನಂಬಿ ಇದನ್ನು ಅಂಚೆಗೆ ಹಾಕಿದನು. ರೊಕ್ಕ ಉಳಿಸಲಿಲ್ಲ, ಎರಡಕ್ಕೂ ಕೊಟ್ಟನು.

ಅಕ್ಕ ಕಪ್ಪು ಪಟ್ಟಿಯನ್ನು ಬೆಳಕಿಗೆ ಹಿಡಿದು ಮೊಳಗಟ್ಟಲೆ ಬಿಚ್ಚಿ ನೋಡಿದರು. ಅದರಲ್ಲಿ ಕಾಣುವದೇನೂ ಇರಲಿಲ್ಲ. “ಡಬ್ಬಿ ಮ್ಯಾಲ ಎರಡು ಅಕ್ಷರ ಬರದಿಡಬೇಕಾಗಿತ್ತು” ಎಂದು ಮಾತ್ರ ಹೇಳಿದರು. ಅದು ನ್ಯಾಯವಾದ ಮಾತೇ. ಮರಣದ ವರ್ಷದಲ್ಲಿ ಹಬ್ಬಕ್ಕೆ ಏಕೆ ಹೋದನೆಂಬ ಪ್ರಶ್ನೆಗೂ ತಮ್ಮನಲ್ಲಿ ಉತ್ತರವಿರಲಿಲ್ಲ. ರಾತ್ರಿ ಊಟದ ಮೇಲೆ ಆ 22 ಚಿತ್ರಗಳನ್ನು ತೋರಿಸಿದಾಗ ಆಕೆಯೇ ಹೇಳಿದರು: ಆ ಕರಿಯ ಹೋರಿ ಮನೆಯದು, ಕರುವಾಗಿದ್ದಾಗಿನಿಂದ ಅವ್ವನ ಕೈಯಲ್ಲಿ ಬೆಳೆದದ್ದು, ಅವ್ವ ಹೋದ ಮೇಲೆ ಕೋರಿನ ರೈತನ ಹಟ್ಟಿಗೆ ಕೊಟ್ಟಿದ್ದರು. ಇಷ್ಟು ಹೇಳಿ, “ಇನ್ನೊಮ್ಮೆ ಹಚ್ಚು” ಎಂದರು. ಒಂದೂಕಾಲು ಸೆಕೆಂಡಿನ ಚಿತ್ರವನ್ನು ಆ ರಾತ್ರಿ ಎಷ್ಟು ಸಲ ಹಚ್ಚಿದರೆಂಬದನ್ನು ಯಾರೂ ಎಣಿಸಲಿಲ್ಲ.

ಮರುದಿನ ಬೆಳಿಗ್ಗೆ ಬಳಸಿದ ಸುರುಳಿಯನ್ನು ಗುರುತಿಸುವ ದಾರಿಯೇ ಇಲ್ಲದ್ದರಿಂದ, ವೈದ್ಯರು ಎರಡರಲ್ಲಿ ಒಂದನ್ನು ದೇವರ ಮೇಲೆ ಭಾರ ಹಾಕಿ ಎತ್ತಿಕೊಂಡರು. ಅಭ್ಯಾಸದ ಸುರುಳಿಯೇ ಆಗಿದ್ದರೆ ಅಕ್ಕನ ಮೇಲೆ ಹಿತ್ತಲಿನ ಬಾಳೆಗಿಡಗಳು ಮೂಡುವವು, ಅಷ್ಟೇ. ಈಗಿನ ಫಿಲ್ಮು ಹಿಂದಿನದಕ್ಕಿಂತ ಬೆಳಕಿಗೆ ಬೇಗ ಸೋಲುವದರಿಂದ ಬಿಸಿಲಿಗೆ ಮಸೂರದ ಕಣ್ಣನ್ನು ಎಷ್ಟು ಕಿರಿದು ಮಾಡಿದರೂ ಸಾಲದು. ಆದ್ದರಿಂದ ಅಕ್ಕನನ್ನು ಅಂಗಳದ ನೆರಳಿನಲ್ಲಿ ಕೂರಿಸಿದರು. ಆಕೆ ಕ್ಯಾಮರಾವನ್ನು ಲೆಕ್ಕಿಸದೆ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತರು. ಒಂದು ಚಾವಿಗೆ ಸುಮಾರು ಅರ್ಧ ನಿಮಿಷ. ಗಿರ್ರೆಂದು ಓಡಿ ನಿಂತೊಡನೆ ಮತ್ತೆ ಚಾವಿ. ಎರಡು ಬಾರಿ ಆಕೆ ತಲೆಯೆತ್ತಿ ನೋಡಿದರು. ಒಂದು ಬಾರಿ ನಕ್ಕರು.

ಸುರುಳಿ ಮುಗಿಯಿತು. ವೈದ್ಯರು ಅದನ್ನು ಡಬ್ಬಿಗೆ ಹಾಕುತ್ತಿರುವಾಗಲೇ ಅಕ್ಕ ಹುಣಸೆಯ ಕೈಯನ್ನು ಸೆರಗಿಗೆ ಒರಸಿಕೊಂಡು ಎದ್ದು ಬಂದು, “ಪೆನ್ನು ಕೊಡು” ಎಂದರು. ಮುಚ್ಚಳದ ಮೇಲೆ ಒಂದು ಚೀಟಿಯನ್ನು ಅಂಟಿಸಿ, ನಡುಗುವ ಅಕ್ಷರಗಳಲ್ಲಿ ತಾರೀಖು ಬರೆದು, ಕೆಳಗೆ ಹೀಗೆ ಬರೆದರು: “ಬಳಸಿದ್ದು. ಮುಟ್ಟಬಾರದು.”