‘ಬ್ಯಾಡ’ ಅನ್ನಬಲ್ಲ ಮೇಸ್ತ್ರಿ

ಹೊಸ ಸ್ಪೋರ್ಟ್ಸ್ ಕಾರು ತಗೊಳ್ಳೋಕೆ ದುಡ್ಡಿದ್ದರೆ ಸಾಕು. ಹಳೇ ಸ್ಪೋರ್ಟ್ಸ್ ಕಾರು ತಗೊಳ್ಳೋಕೆ ದುಡ್ಡಿನ ಜೊತೆ ಒಬ್ಬ ಮೇಸ್ತ್ರಿಯೂ ಬೇಕು. ದುಡ್ಡು ಹೇಗೋ ಹೊಂದಿಸಬಹುದು. ಮೇಸ್ತ್ರಿ ಸಿಗೋದು ಕಷ್ಟ.

ನಾನು ಆಸೆಪಟ್ಟಿದ್ದು 2013ರ ಒಂದು ಜರ್ಮನ್ ಗಾಡಿ. ಎರಡೇ ಬಾಗಿಲು, ಎರಡೇ ಸೀಟು, ಬಟನ್ ಒತ್ತಿದರೆ ಮಡಚಿಕೊಳ್ಳುವ ಟಾಪ್. ಬೆಂಗಳೂರು ನೋಂದಣಿ, ಒಬ್ಬರೇ ಓನರ್, ಮಾರಾಟಕ್ಕೆ ನಿಂತಿದ್ದು ದಾವಣಗೆರೆಯ ಒಬ್ಬ ಡೀಲರ್ ಹತ್ತಿರ. ಕೇಳಿದ್ದು ಹದಿನೇಳು ಲಕ್ಷ. ಬೆಂಗಳೂರಲ್ಲಿ ಅದೇ ಮಾಡೆಲ್‌ಗೆ ಕೇಳುತ್ತಿದ್ದುದಕ್ಕಿಂತ ಮೂರು ಲಕ್ಷ ಕಡಿಮೆ. ನನ್ನ ಆರು ವರ್ಷದ ಉಳಿತಾಯ ಪೂರ್ತಿ ಸುರಿದು, ಮೇಲೆ ಸ್ವಲ್ಪ ಸಾಲ ಮಾಡಿದರೆ ಕೈಗೆಟುಕುವ ರೇಟು. ಹೊನ್ನಾಳಿಯಲ್ಲಿರುವ ಅಮ್ಮನಿಗೆ ಫೋಟೋ ಕಳಿಸಿದೆ. ‘ಎರಡೇ ಸೀಟಾ? ಹಂಗಾದ್ರೆ ಒಂದು ಸೀಟಿಗೆ ಎಂಟೂವರೆ ಲಕ್ಷ ಬಿತ್ತಲ್ಲೋ’ ಅಂದರು. ಲೆಕ್ಕ ಸರಿಯಾಗಿಯೇ ಇತ್ತು.

ಹಳೇ ಕಾರಿನ ವ್ಯಾಪಾರದಲ್ಲಿ ಮಾರುವವನಿಗೆ ಎಲ್ಲಾ ಗೊತ್ತು, ಕೊಳ್ಳುವವನಿಗೆ ಬಣ್ಣ ಮಾತ್ರ ಗೊತ್ತು. ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲಿ ಇದರ ಮೇಲೆಯೇ ಒಂದು ಪ್ರಬಂಧ ಬರೆದರು. 2001ರಲ್ಲಿ ಇಂಥ ವಿಚಾರಗಳಿಗೇ ನೊಬೆಲ್ ಹಂಚಿಕೊಂಡರು. ಒಳಗೆ ಹುಳುಕಿರುವ ಗಾಡಿಗೆ ಅವರ ಕಡೆ ‘ನಿಂಬೆಹಣ್ಣು’ ಅಂತಾರೆ. ಕೊಳ್ಳುವವನಿಗೆ ಒಳ್ಳೇದು ಯಾವುದು, ನಿಂಬೆಹಣ್ಣು ಯಾವುದು ಅಂತ ಗೊತ್ತಾಗದಿದ್ದಾಗ ಎಲ್ಲದಕ್ಕೂ ಕಡಿಮೆ ರೇಟು ಕೇಳುತ್ತಾನೆ; ಒಳ್ಳೇ ಗಾಡಿ ಇಟ್ಟುಕೊಂಡವನು ಆ ರೇಟಿಗೆ ಮಾರದೆ ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ; ಸಂತೆಯಲ್ಲಿ ಉಳಿಯೋದು ನಿಂಬೆಹಣ್ಣುಗಳೇ. ನಾವು ಆಯುಧಪೂಜೆ ದಿನ ಟೈರಿನ ಕೆಳಗೆ ನಿಂಬೆಹಣ್ಣಿಟ್ಟು ಗಾಡಿ ಹತ್ತಿಸುತ್ತೇವೆ. ಅಲ್ಲಿ ನಿಂಬೆಹಣ್ಣೇ ಗಾಡಿ.

ಹಾಗಾಗಿ ನಮ್ಮ ಪರವಾಗಿ ಒಳಗೆ ನೋಡುವ ಒಂದು ಕಣ್ಣು ಬೇಕು. ನನ್ನ ಮುಂದೆ ನಾಲ್ಕು ಆಯ್ಕೆ ಇದ್ದವು. ಒಂದು, ಡೀಲರ್ ತಾನೇ ಹೇಳಿದ ಮೆಕ್ಯಾನಿಕ್. ‘ಸಾರ್, ಅವ್ರು ಈ ಗಾಡಿ ಸ್ಪೆಷಲಿಸ್ಟು, ಫ್ರೀಯಾಗಿ ನೋಡ್ತಾರೆ.’ ಆ ಫ್ರೀ ಅನ್ನೋ ಪದಕ್ಕೇ ಅದು ಅಲ್ಲಿಗೆ ಮುಗಿಯಿತು. ಎರಡು, ನೂರಾರು ಪಾಯಿಂಟ್ ಚೆಕ್ ಮಾಡಿ ಪಿಡಿಎಫ್ ಕಳಿಸುವ ಒಂದು ಸರ್ವಿಸ್. ಅವರ ಸ್ಯಾಂಪಲ್ ರಿಪೋರ್ಟಿನಲ್ಲಿ ವೈಪರ್ ಬ್ಲೇಡಿಗೂ ಏರ್‌ಬ್ಯಾಗಿಗೂ ಒಂದೇ ಅಳತೆಯ ಹಸಿರು ಟಿಕ್ಕು. ಮೂರು, ಬೆಂಗಳೂರಿನ ಒಬ್ಬ ನಿಜವಾದ ಪರಿಣತ. ಕೆಲಸ ಗೊತ್ತು, ಸ್ಕ್ಯಾನರ್ ಇದೆ. ಆದರೆ ಮಾತಿನ ಕೊನೆಗೆ, ‘ಅದು ಸರಿ ಇಲ್ಲ ಅಂದ್ರೆ ನನ್ನ ಹತ್ರಾನೇ ಒಂದಿದೆ ಬ್ರೋ’ ಅಂದರು. ಅಂದರೆ ಅವರು ‘ಬೇಡ’ ಅಂದರೆ ಅವರಿಗೆ ಲಾಭ. ಡೀಲರ್‌ನ ಮೆಕ್ಯಾನಿಕ್ ‘ತಗೋ’ ಅಂದರೆ ಅವನಿಗೆ ಲಾಭ. ಎರಡೂ ಮಾತು ನನ್ನ ಉಪಯೋಗಕ್ಕೆ ಬರುವಂಥದ್ದಲ್ಲ.

ನಾಲ್ಕನೆಯವರು ಹೊನ್ನಾಳಿಯ ಮೇಸ್ತ್ರಿ. ಊರಿಗೆ ಅವರು ಬರೀ ಮೇಸ್ತ್ರಿ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೆ ಮೊದಲು ನಮ್ಮ ತಾಲ್ಲೂಕು ಶಿವಮೊಗ್ಗಕ್ಕೆ ಸೇರಿತ್ತು. ಅವರ ಅಂಗಳದಲ್ಲಿ ಇವತ್ತಿಗೂ ಕೆಎ 14ರ ಮುದಿ ಗಾಡಿಗಳು, ಕೆಎ 17ರ ಹೊಸವು ಅಕ್ಕಪಕ್ಕ ನಿಂತಿರುತ್ತವೆ. ಹೆಚ್ಚಾಗಿ ಟ್ರ್ಯಾಕ್ಟರ್, ಗೂಡ್ಸ್ ಆಟೋ, ಜೀಪು. ನಾನು ಮೊಬೈಲಲ್ಲಿ ಕಾರು ತೋರಿಸಿದಾಗ ಅವರು ಹೇಳಿದ ಮೊದಲ ಮಾತು: ‘ತಮ್ಮಾ, ಈ ಇಂಜಿನ್ ನಾನು ಬಿಚ್ಚಿಲ್ಲ. ನಂಗೆ ಗೊತ್ತಿಲ್ಲ. ಹೊಡ್ತ ತಿಂದೈತೋ, ನೀರು ಕುಡ್ದೈತೋ ಅಷ್ಟು ಹೇಳ್ತೀನಿ. ಉಳಿದಿದ್ದಕ್ಕೆ ಕಂಪ್ಯೂಟರ್ ಇಟ್ಕೊಂಡಿರೋನು ಬೇಕು.’ ಶಿವಮೊಗ್ಗದಲ್ಲಿ ಗ್ಯಾರೇಜ್ ಹಾಕಿಕೊಂಡಿರುವ ಹಳೇ ಶಿಷ್ಯನ ನಂಬರ್ ಅವರೇ ಕೊಟ್ಟರು.

ಮೂರು ವಾರದಲ್ಲಿ ನಾನು ಮಾತಾಡಿಸಿದ ಅಷ್ಟೂ ಜನರಲ್ಲಿ ‘ಗೊತ್ತಿಲ್ಲ’ ಅಂದವರು ಅವರೊಬ್ಬರೇ. ನನ್ನ ಹದಿನೇಳು ಲಕ್ಷವನ್ನು ನಾನು ಒಪ್ಪಿಸಿದ್ದು ಆ ಒಂದು ಪದಕ್ಕೆ.

ದುಡ್ಡಿನ ಮಾತು ಮೊದಲೇ ಆಡಿಕೊಂಡೆವು. ‘ಊರ ಹುಡ್ಗ, ಊಟ ಹಾಕ್ಸು ಸಾಕು’ ಅಂದರು. ನಾನು ಒಪ್ಪಲಿಲ್ಲ. ಕೊನೆಗೆ ಇಬ್ಬರಿಗೂ ಸೇರಿ ನಾಲ್ಕು ಸಾವಿರ, ಬಸ್ ಚಾರ್ಜು ಬೇರೆ. ‘ಗಾಡಿ ತಗೊಂಡ್ರೂ ಇಷ್ಟೇ, ಬಿಟ್ರೂ ಇಷ್ಟೇ’ ಅಂತ ಅವರೇ ಸೇರಿಸಿದರು. ಒಳ್ಳೇ ಕಾಂಟ್ರ್ಯಾಕ್ಟಿಗೆ ಇದಕ್ಕಿಂತ ಉದ್ದ ಬೇಕಿಲ್ಲ.

2024ರ ಮೇ ತಿಂಗಳ ಒಂದು ಶನಿವಾರ ಬೆಳಗ್ಗೆ ಮೂವರೂ ದಾವಣಗೆರೆಗೆ ಹೋದೆವು. ಇಂಜಿನ್ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಡೀಲರ್‌ಗೆ ಮೊದಲೇ ಹೇಳಿದ್ದೆ, ಯಾಕಂದ್ರೆ ಬಿಸಿ ಇಂಜಿನ್ ತನ್ನ ಕಾಯಿಲೆ ಮುಚ್ಚಿಡುತ್ತದೆ. ಮೇಸ್ತ್ರಿ ಮಾತ್ರ ಬಾನೆಟ್ ಹತ್ತಿರ ಹೋಗಲೇ ಇಲ್ಲ. ಡ್ರೈವರ್ ಬಾಗಿಲು ತೆಗೆದು ಸೀಟ್‌ಬೆಲ್ಟನ್ನು ಕೊನೇ ತನಕ ಎಳೆದರು. ಯಾರೂ ಎಂದೂ ಅಷ್ಟು ಎಳೆಯೋದಿಲ್ಲ, ಹಾಗಾಗಿ ಯಾರೂ ಅಲ್ಲಿ ತೊಳೆಯೋದಿಲ್ಲ. ಬೆಲ್ಟಿನ ಕೊನೆಯ ಒಂದು ಗೇಣಿನಲ್ಲಿ ಮಣ್ಣಿನ ಬಣ್ಣದ ಒಂದು ಗೆರೆ. ಆಮೇಲೆ ಸೀಟು ಮುಂದೆ ತಳ್ಳಿ ರೈಲಿನ ಬೋಲ್ಟ್ ಸವರಿದರು; ಬೆರಳಿಗೆ ತುಕ್ಕು ಬಂತು. ಡಿಕ್ಕಿಯ ಮ್ಯಾಟ್ ಎತ್ತಿ, ಮೂಲೆಯ ಒಂದು ರಬ್ಬರ್ ಬಿರಡೆ ಕಿತ್ತು ಒಳಗೆ ಬೆರಳು ಹಾಕಿದರು. ಹೊರಗೆ ಬಂದಿದ್ದು ಹಿಟ್ಟಿನಷ್ಟು ನುಣುಪಾದ ಮಣ್ಣು.

ಇದು ಅವರಿಗೆ ಗೊತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ತುಂಗಾ, ಭದ್ರಾ ಎರಡೂ ಕೂಡಲಿಯಲ್ಲಿ ಸೇರಿ ನಮ್ಮೂರಿಗೇ ಬರುತ್ತವೆ. ಮಳೆಗಾಲದಲ್ಲಿ ಗಾಜನೂರು ಡ್ಯಾಮಿಂದ ನೀರು ಬಿಟ್ಟರು ಅಂದ್ರೆ ಹೊಳೆ ದಂಡೆಯ ಮನೆಗಳಲ್ಲಿ ಸಾಮಾನು ಅಟ್ಟ ಹತ್ತುತ್ತದೆ. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿದಾಗ ಮುಳುಗಿದ ಬೈಕು, ಟೆಂಪೋಗಳನ್ನು ತಿಂಗಳುಗಟ್ಟಲೆ ಬಿಚ್ಚಿದವರು ಅವರು. ‘ಇಂಜಿನ್ ತೊಳ್ದು ಓಡಿಸ್ಬಹುದು ತಮ್ಮಾ. ವೈರು ತೊಳ್ಯಾಕಾಗಲ್ಲ. ಆರು ತಿಂಗಳಾದ ಮ್ಯಾಲೆ ಒಂದೊಂದೇ ಸಾಯ್ತಾವೆ.’

ಹೊನ್ನಾಳಿಯ ಹೊಳೆಗೂ ಬೆಂಗಳೂರಿನ ಕಾರಿಗೂ ಏನು ಸಂಬಂಧ? 2022ರ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಿ. ಔಟರ್ ರಿಂಗ್ ರೋಡ್, ಬೆಳ್ಳಂದೂರು, ಯಮಲೂರು ಕಡೆ ನಮ್ಮ ಆಫೀಸಿನವರೇ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದ ವಾರ. ಬೇಸ್‌ಮೆಂಟುಗಳಲ್ಲಿ ದುಬಾರಿ ಕಾರುಗಳು ಮುಳುಗಿ ನಿಂತಿದ್ದನ್ನು ಎಲ್ಲರೂ ಫೋನಲ್ಲಿ ನೋಡಿದೆವು. ಆ ಕಾರುಗಳೆಲ್ಲ ಆಮೇಲೆ ಎಲ್ಲಿಗೆ ಹೋದವು ಅಂತ ಕೇಳಿದವರು ಕಡಿಮೆ.

ನಾನು ತಂದಿದ್ದ ಇನ್ಶೂರೆನ್ಸ್ ಕಾಪಿ ಮತ್ತೆ ತೆಗೆದೆ. ಕ್ಲೈಮ್ ಮಾಡದೆ ಇದ್ದರೆ ನೋ ಕ್ಲೈಮ್ ಬೋನಸ್ ವರ್ಷದಿಂದ ವರ್ಷಕ್ಕೆ 20, 25, 35, 45 ಅಂತ ಏರಿ 50%ಗೆ ನಿಲ್ಲುತ್ತದೆ. ಒಂದು ಕ್ಲೈಮ್ ಮಾಡಿದರೆ ಸೊನ್ನೆ. ಒಬ್ಬರೇ ಓನರ್, ಹನ್ನೊಂದು ವರ್ಷದ ಗಾಡಿ, 2024ರ ಜನವರಿಯಲ್ಲಿ ರಿನ್ಯೂ ಆದ ಪಾಲಿಸಿಯಲ್ಲಿ ಬೋನಸ್ ಬರೀ 20%. ಹಿಂದಕ್ಕೆ ಎಣಿಸಿದರೆ 2023ರ ಜನವರಿಯಲ್ಲಿ ಅದು ಸೊನ್ನೆ ಇದ್ದಿರಬೇಕು. ಅಂದರೆ 2022ರಲ್ಲಿ ಒಂದು ಕ್ಲೈಮ್.

ಅಷ್ಟರಲ್ಲಿ ಶಿಷ್ಯನ ಸ್ಕ್ಯಾನರ್ ಕೆಲಸ ಮುಗಿಸಿತ್ತು. ಒಂದೂ ಫಾಲ್ಟ್ ಕೋಡ್ ಇಲ್ಲ. ಡೀಲರ್ ಮುಖ ಅರಳಿತು. ಶಿಷ್ಯ ಇನ್ನೊಂದು ಸಾಲು ತೋರಿಸಿದ: ಕೋಡ್ ಅಳಿಸಿದ ಮೇಲೆ ಗಾಡಿ ಓಡಿರೋದು 42 ಕಿಲೋಮೀಟರ್. ‘ಬ್ಯಾಟರಿ ಚೇಂಜ್ ಮಾಡಿದ್ವಿ ಸಾರ್, ಅದಕ್ಕೆ’ ಅಂದ ಡೀಲರ್. ‘ಆಗಬಹುದು’ ಅಂದ ಶಿಷ್ಯ. ಒಂದೇ ಸಾಕ್ಷಿಗೆ ಗಲ್ಲು ಹಾಕದ ಆ ಮಾತಿನಿಂದ ಅವನ ಮೇಲೆ ನನ್ನ ನಂಬಿಕೆ ಇನ್ನೂ ಹೆಚ್ಚಿತು. ಆದರೆ ಬೆಲ್ಟಿನ ಗೆರೆ, ಬೋಲ್ಟಿನ ತುಕ್ಕು, ಬಿರಡೆಯ ಮಣ್ಣು, ಕಾಗದದ 20%, ಇಷ್ಟನ್ನೂ ಒಂದು ಬ್ಯಾಟರಿ ವಿವರಿಸಲಾರದು.

ಡೀಲರ್ ತಕ್ಷಣ ಎರಡು ಲಕ್ಷ ಇಳಿಸಿದ. ಇಲ್ಲೇ ನೋಡಿ ಮನಸ್ಸು ಆಡೋದು. ಹದಿನೈದಕ್ಕೆ ಅಂಥ ಗಾಡಿ! ನಾನು ಮೇಸ್ತ್ರಿ ಮುಖ ನೋಡಿದೆ. ‘ರೇಟು ನಿಮ್ಮಿಬ್ರಿಗೆ ಬಿಟ್ಟಿದ್ದು. ಏರ್‌ಬ್ಯಾಗ್ ಪೆಟ್ಟಿಗೆ ಎಲ್ಲಿರ್ತದೆ ಕೇಳು’ ಅಂದರು. ಶಿಷ್ಯ ಸೀಟುಗಳ ನಡುವಿನ ನೆಲ ತೋರಿಸಿದ. ಅಪಘಾತ ಆದಾಗ ಏರ್‌ಬ್ಯಾಗ್ ಬಿಚ್ಚಬೇಕೋ ಬೇಡವೋ ಅಂತ ತೀರ್ಮಾನಿಸುವ ಪೆಟ್ಟಿಗೆ ಬಹಳಷ್ಟು ಕಾರುಗಳಲ್ಲಿ ಇರೋದು ಅಲ್ಲೇ, ಕಾರ್ಪೆಟ್ಟಿನ ಕೆಳಗೆ. ಬೆಲ್ಟಿನ ಬುಡದವರೆಗೆ ಬಂದ ನೀರು ಅದನ್ನು ಬಿಟ್ಟಿರುತ್ತದೆಯೇ? ಎರಡು ಲಕ್ಷ ರಿಪೇರಿಗೆ ಸಾಕಾಗಬಹುದು. ಘಾಟಿ ತಿರುವಿನಲ್ಲಿ ಬಿಚ್ಚಿಕೊಳ್ಳದ ಏರ್‌ಬ್ಯಾಗಿಗೆ ಯಾವ ಡಿಸ್ಕೌಂಟ್ ಸಾಕು? ಮೇಸ್ತ್ರಿ ನನಗೆ ‘ಬ್ಯಾಡ’ ಅನ್ನೋ ಪದವನ್ನೂ ಖರ್ಚು ಮಾಡಲಿಲ್ಲ. ನಾನೇ ಅಂದೆ.

ನೀವೂ ಇಂಥ ಗಾಡಿಯ ಹಿಂದೆ ಬಿದ್ದಿದ್ದರೆ, ಆರ್‌ಸಿ, ಸಾಲ, ಇನ್ಶೂರೆನ್ಸ್ ಎಲ್ಲಾ ಎಂ-ಪರಿವಾಹನ್‌ನಲ್ಲಿ ನೋಡಿಕೊಳ್ಳಿ, ಅದು ಎರಡು ನಿಮಿಷದ ಕೆಲಸ. ಮೇಸ್ತ್ರಿಯನ್ನು ಆರಿಸೋಕೆ ಮಾತ್ರ ಸಮಯ ಕೊಡಿ. ಅವರಿಗೆ ಎಷ್ಟು ಗೊತ್ತು ಅಂತ ಆಮೇಲೆ ಕೇಳಿ. ನಾನು ಗಾಡಿ ತಗೊಂಡರೆ ಇವರಿಗೇನು, ಬಿಟ್ಟರೆ ಇವರಿಗೇನು ಅಂತ ಮೊದಲು ಲೆಕ್ಕ ಹಾಕಿ. ಎರಡಕ್ಕೂ ಉತ್ತರ ಒಂದೇ ಆಗಿದ್ದರೆ ಕೇಳಿದಷ್ಟು ಫೀಸು ಕೊಡಿ. ಒಬ್ಬರಿಗೇ ಎಲ್ಲಾ ಗೊತ್ತಿರಬೇಕಿಲ್ಲ. ಗೊತ್ತಿಲ್ಲದ್ದಕ್ಕೆ ಯಾರ ಹತ್ತಿರ ಹೋಗಬೇಕು ಅಂತ ಗೊತ್ತಿದ್ದರೆ ಸಾಕು.

ನಾಲ್ಕು ಸಾವಿರ ಕೈಗಿಟ್ಟಾಗ ಮೇಸ್ತ್ರಿ ಎಣಿಸಿ ಜೇಬಿಗೆ ಹಾಕಿಕೊಂಡು, ಹೊನ್ನಾಳಿ ಬಸ್ಸಿನ ಕಿಟಕಿ ಪಕ್ಕ ಕೂತು ಹೇಳಿದರು: ‘ಇನ್ನೊಂದು ಗಾಡಿ ಸಿಕ್ರೆ ಫೋನ್ ಮಾಡು ತಮ್ಮಾ. ಎರಡು ವಾರ ಮಾತ್ರ ಬ್ಯಾಡ, ಭತ್ತದ ಕೊಯ್ಲು ಐತೆ. ಟ್ರ್ಯಾಕ್ಟರ್ ನಿಂತ್ರೆ ಜನ ಬೈತಾರೆ.’