ಚೀಟಿಯ ಮೇಲಿನ ಒಂದು ಅಂಕೆ

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಅವರಿಗೆ ಬರೀ 46. ಆಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ನಿಂತ ಸಾಲನ್ನು ಜನ ಮರೆತಿರಲಾರರು. ತೊಂಡೇಬಾವಿಯಂಥ ಊರುಗಳ ಟೀ ಅಂಗಡಿಗೂ ಕೊಲೆಸ್ಟರಾಲ್ ಎಂಬ ಪದ ಬಂದಿದೆ. ಅದರ ಜೊತೆಗೇ ಬಂದ ಅಂಕೆ 200. ಕೆಳಗಿದ್ದರೆ ನೆಮ್ಮದಿ, ಮೇಲಿದ್ದರೆ ಗಾಬರಿ.

ಇಲ್ಲಿನ ಅಣ್ಣತಮ್ಮಂದಿರಿಬ್ಬರು ಎಂದಿಟ್ಟುಕೊಳ್ಳಿ. ತಮ್ಮನಿಗೆ 44, ಬೀಡಿ ಮುಟ್ಟಿದವನಲ್ಲ, ಬಿ.ಪಿ. ಸರಿಯಾಗಿದೆ, ಕೊಲೆಸ್ಟರಾಲ್ 235. ಅಣ್ಣನಿಗೆ 62, ದಿನಕ್ಕೊಂದು ಕಟ್ಟು ಬೀಡಿ, ಬಿ.ಪಿ. 160, ಕೊಲೆಸ್ಟರಾಲ್ 190.

"ನಂದು ನಾರ್ಮಲ್ಲು ಕಣಪ್ಪ, ನೀನೇ ಹುಷಾರಾಗಿರು" ಎನ್ನುತ್ತಾನೆ ಅಣ್ಣ.

"ಆಗ್ಲಿ ಬಿಡಣ್ಣ" ಎಂದು ತಮ್ಮ ಮಾತ್ರೆಗೆ ಓಡುತ್ತಾನೆ.

ಅಪಾಯ ಹೆಚ್ಚಿರುವುದು ಅಣ್ಣನಿಗೆ! ಒಂದೇ ವಿಷಯದ ಅಂಕ ನೋಡಿ ಹುಡುಗನನ್ನು ಪಾಸು ಮಾಡಿದ ಹಾಗಾಯಿತು ಇದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಲ್ಲಿ ಶುರುವಾದ ಅಧ್ಯಯನ ಸಾವಿರಾರು ಜನರನ್ನು ದಶಕಗಟ್ಟಲೆ ಗಮನಿಸಿ, ವಯಸ್ಸು, ತಂಬಾಕು, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಎಲ್ಲ ಸೇರಿ ಹೃದಯಕ್ಕೆ ಕುತ್ತು ತರುತ್ತವೆಂದು ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ದಕ್ಷಿಣ ಏಷ್ಯಾಕ್ಕೂ ಬೇರೆಯದೇ ಪಟ್ಟಿ ಕೊಟ್ಟಿದೆ. 40ರಿಂದ 74 ವಯಸ್ಸಿನವರಿಗೆ ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತ ಅಥವಾ ಲಕ್ವ ಹೊಡೆಯುವ ಸಂಭವ ನೂರಕ್ಕೆ ಎಷ್ಟೆಂದು ಅದರ ಬಣ್ಣದ ಚೌಕಗಳು ಹೇಳುತ್ತವೆ. ರಕ್ತ ಪರೀಕ್ಷೆಗೆ ಅನುಕೂಲವಿಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆಂದೇ ಇನ್ನೊಂದು ಪಟ್ಟಿಯಿದೆ. ಅದಕ್ಕೆ ವಯಸ್ಸು, ಬೀಡಿ, ಬಿ.ಪಿ.ಯ ಜೊತೆ ಎತ್ತರ, ತೂಕ ಸಾಕು. ಸೂಜಿಯೇ ಬೇಡ.

ಪಟ್ಟಿಗೆ ಎಲ್ಲವೂ ತಿಳಿಯುವುದಿಲ್ಲ, ನಿಜ. ಅಪ್ಪ ಚಿಕ್ಕ ವಯಸ್ಸಿಗೇ ಎದೆನೋವಿನಿಂದ ಹೋದರೇ ಎಂದು ವೈದ್ಯರೇ ಕೇಳಬೇಕು. ಒಮ್ಮೆ ಹೃದಯಾಘಾತವಾದವರಿಗೆ, ವಂಶದಿಂದಲೇ ಕೊಲೆಸ್ಟರಾಲ್ ವಿಪರೀತ ಇರುವವರಿಗೆ ಲೆಕ್ಕ ಹಾಕುತ್ತಾ ಕೂರುವಂತಿಲ್ಲ, ಚಿಕಿತ್ಸೆ ಬೇಕೇಬೇಕು.

ಲೆಕ್ಕವನ್ನು ಯಂತ್ರಕ್ಕೇ ಒಪ್ಪಿಸಿದರೆ? ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ, ಬಿ.ಪಿ., ಸಕ್ಕರೆ ರೋಗಿಗಳ ಮೇಲೆ, ಎಂವೆಲ್‌ಕೇರ್ ಎಂಬ ಪ್ರಯೋಗ ನಡೆಯಿತು. ಅರ್ಧ ಕೇಂದ್ರಗಳಲ್ಲಿ ದಾದಿಯರ ಕೈಯಲ್ಲಿ ಟ್ಯಾಬ್ಲೆಟ್ ಗಣಕ, ಮಿಕ್ಕವುಗಳಲ್ಲಿ ಗೋಡೆಯ ಪಟ. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆಶ್ಚರ್ಯವೇನಿಲ್ಲ. ಎಲ್ಲೂ ನೋವಿಲ್ಲದ ಅಣ್ಣನನ್ನು ದಿನಾ ಮಾತ್ರೆ ನುಂಗಲು ಒಪ್ಪಿಸುವುದು, ತಿಂಗಳು ತಿಂಗಳೂ ಅದು ಕೇಂದ್ರದಲ್ಲೇ ಸಿಗುವಂತೆ ನೋಡಿಕೊಳ್ಳುವುದು, ಬೀಡಿ ಬಿಡಿಸುವುದು – ಇಷ್ಟೂ ಕೆಲಸ ಚೌಕದ ಬಣ್ಣ ಕಂಡ ಮೇಲೆ ಶುರುವಾಗುತ್ತದೆ.